ಡೈರೆಕ್ಟ್ ಕೊಟ್ಟ ಹಾರ್ನ್

ಗದಗ-ಬೆಟಗೇರಿಯ ಅಟೋ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಹಾರ್ನ್ ರಿಪೇರಿ ಅಂದರೆ ನಡುವೆ ಮುಗಿಸಿ ಕಳಿಸುವ ಸಣ್ಣ ಕೆಲಸ. ಮಿಸ್ತ್ರಿಯ ವಿಚಾರಶಕ್ತಿಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಕೆಲಸ ಕಂಡಿಲ್ಲ. ಬ್ಯಾಟರಿ, ಫ್ಯೂಸ್, ರಿಲೇ, ಗುಂಡಿ, ಹಾರ್ನ್, ಅರ್ಥ್: ಕರೆಂಟಿನ ಇಷ್ಟು ಗಿಡ್ಡ ದಾರಿಯಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕುವ ರೀತಿಯಲ್ಲೇ ಅವನ ವಿದ್ಯೆ ತಿಳಿದುಬಿಡುತ್ತದೆ.

ಕೆಲಸ ಸಣ್ಣದಾದರೂ ಅದರ ಅಗತ್ಯ ಸಣ್ಣದಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ರಸ್ತೆಗಳಲ್ಲಿ ತಿರುವು ದಾಟಿದರೆ ಕುರಿಹಿಂಡು ಎದುರಾಗುತ್ತದೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಹರವಿರುತ್ತಾರೆ. ಟೇಪು ಜೋರಾಗಿಟ್ಟ ಟ್ರ್ಯಾಕ್ಟರಿನವನಿಗೆ ಹಿಂದಿನ ಗಾಡಿ ಗೊತ್ತಾಗುವುದು ಹಾರ್ನಿನಿಂದಲೇ.

ನಮ್ಮ ಮಿಸ್ತ್ರಿಗಳ ಪದ್ಧತಿಯಲ್ಲಿ ನಾನು ಮನಸಾರೆ ಮೆಚ್ಚುವುದು ಟೆಸ್ಟ್ ಬಲ್ಬನ್ನು. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದರೆ ಸಾಧನ ತಯಾರು. ಮೀಟರು ಇಲ್ಲದವರ ಸಾಧನವೆಂದು ಇದನ್ನು ಹಗುರ ಮಾಡುವವರಿದ್ದಾರೆ. ಹಾರ್ನಿನ ವಿಷಯದಲ್ಲಿ ಅವರ ಎಣಿಕೆ ತಪ್ಪು. ವೈರಿನೊಳಗೆ ಎಲ್ಲ ಎಳೆ ಕೊಳೆತು ಒಂದೇ ಉಳಿದಿದ್ದರೂ ಮೀಟರು 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟಿನ ಬಲ್ಬು ಎರಡು ಆಂಪಿಯರಿನ ಹತ್ತಿರ ಕೇಳುತ್ತದೆ. ಕೊಳೆತ ವೈರು ಅಷ್ಟು ಕೊಡಲಾರದೆ ಬಲ್ಬು ಮಂಕಾಗುತ್ತದೆ.

ಬಲ್ಲವನು ಗುಂಡಿ ಒತ್ತಿಸಿ ಹಿಡಿಸುತ್ತಾನೆ, ಹಾರ್ನಿನ ಎರಡೂ ವೈರಿಗೆ ಬಲ್ಬು ಸೇರಿಸುತ್ತಾನೆ. ಪೂರ್ತಿ ಹತ್ತಿದರೆ ದೋಷ ಹಾರ್ನಿನೊಳಗೇ ಇದೆ: ಪಾಯಿಂಟು ಸುಟ್ಟಿದೆ, ಇಲ್ಲವೇ ತಗಡಿನ ಪರದೆ ತುಕ್ಕು ಹಿಡಿದಿದೆ. ಹತ್ತದಿದ್ದರೆ ಬಲ್ಬಿನ ಒಂದು ತುದಿಯನ್ನು ಅರ್ಥ್ ವೈರಿನಿಂದ ತೆಗೆದು ಬಾಡಿಗೆ ಮುಟ್ಟಿಸುತ್ತಾನೆ. ಆಗ ಹತ್ತಿತೆಂದರೆ ಅರ್ಥ್ ಬೋಲ್ಟು ಸಡಿಲಾಗಿದೆ ಅಥವಾ ತುಕ್ಕು ತಿಂದಿದೆ. ಎರಿ ಮಣ್ಣಿನ ನಮ್ಮ ಸೀಮೆಯಲ್ಲಿ, ಗಾಡಿಯ ಮೂತಿಗೆ ಕೂತ ಹಾರ್ನಿಗೆ ಮಳೆಗಾಲವಿಡೀ ಕೆಸರು ಮೆತ್ತಿ ಒಣಗುವಾಗ, ಇದು ಮೊದಲು ನೋಡಬೇಕಾದ ಜಾಗ. ಉಜ್ಜುವ ಕಾಗದದಿಂದ ತಿಕ್ಕಿ ಬಿಗಿದರೆ ಮುಗಿಯಿತು. ಬಾಡಿಗೆ ಮುಟ್ಟಿಸಿದರೂ ಬಲ್ಬು ಸುಮ್ಮನಿದ್ದರೆ ಫ್ಯೂಸ್ ನೋಡಿ, ರಿಲೇಗೆ ಕಿವಿ ಕೊಡಬೇಕು. ಅದು ಟಕ್ ಎಂದೂ 87ನೇ ಪಿನ್ನಿಗೆ ಕರೆಂಟು ಬಾರದಿದ್ದರೆ, 30ನೇ ಪಿನ್ನಿಗೆ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡು ರಿಲೇ ಬದಲಿಸಬಹುದು.

ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಲ್ಬು ದೋಷದ ಜಾಗದ ತನಕ ಕರೆದೊಯ್ಯುವ ಮೊದಲೇ ಗಿರಾಕಿಯ ಅವಸರ ಶುರುವಾಗುತ್ತದೆ: "ಡೈರೆಕ್ಟ್ ಕೊಟ್ಟಬಿಡ್ರಿ, ಹೊತ್ತಾತು." ಬ್ಯಾಟರಿಯಿಂದ ಗುಂಡಿಗೆ, ಗುಂಡಿಯಿಂದ ಹಾರ್ನಿಗೆ ಹೊಸ ವೈರು ಓಡುತ್ತದೆ. ನಡುವೆ ಫ್ಯೂಸೂ ಇಲ್ಲ, ರಿಲೇಯೂ ಇಲ್ಲ. ಕೂಡಲೇ ಸದ್ದು ಬರುವುದರಿಂದ ಎಲ್ಲರಿಗೂ ಸಮಾಧಾನ. ಜೋಡಿ ಹಾರ್ನು ಎಂಟು-ಹತ್ತು ಆಂಪಿಯರ್ ಎಳೆಯುತ್ತದೆ. ರಿಲೇ ಇರುವ ಗಾಡಿಯಲ್ಲಿ ಗುಂಡಿಯನ್ನು ಮಾಡಿರುವುದು ರಿಲೇ ಸುರುಳಿಯ ಅಲ್ಪ ಕರೆಂಟಿಗೆ. ಅದು ಸುಟ್ಟು ಮತ್ತೆ ಅಂಗಡಿಗೆ ಬರುವುದು ಖಂಡಿತ. ಅದಕ್ಕೂ ಮೊದಲು ವೈರಿನ ಹೊದಿಕೆ ಸವೆದು ಬಾಡಿಗೆ ತಾಗಿದರೆ ಕರಗಲು ಫ್ಯೂಸೇ ಇಲ್ಲ, ವೈರೇ ಉರಿಯುತ್ತದೆ. ಇದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ.

ಸದ್ದು ಜೋರಾಗಲೆಂದು ಹಾರ್ನಿನ ಬೆನ್ನಿನ ಸ್ಕ್ರೂ ತಿರುಗಿಸುತ್ತ ಹೋಗುವುದೂ ಇದೇ ಜಾತಿಯ ಅವಸರ. ಎಳೆಯುವ ಕರೆಂಟು ಎಷ್ಟೆಂದು ನೋಡದೆ ತಿರುಗಿಸಿದರೆ ಪಾಯಿಂಟು ಬೇಗ ಸುಡುತ್ತದೆ. ಹಾರ್ನಿನ ತಪ್ಪೇ ಇಲ್ಲದಾಗ ಅದನ್ನು ತೆಗೆದು ಹಲವು ಸ್ವರದ ಹಾರ್ನು ಕೂಡಿಸುವುದಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮಕ್ಕೇ ವಿರುದ್ಧ.

ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆ ಆರಂಭಿಸಿದ ಊರು ಗದಗ. ಆ ಕಾಲದ ಲಾರಿಗಳ ಸರಳ ವೈರಿಂಗಿನ ಮೇಲೆ ಕೈ ಪಳಗಿದವರಿಗೆ ದಾರಿ ಕಣ್ಣೆದುರೇ ಇತ್ತು. ಏರ್‌ಬ್ಯಾಗ್ ಇರುವ ಈಗಿನ ಕಾರುಗಳಲ್ಲಿ ಹಾರ್ನ್ ಗುಂಡಿಯ ವೈರೂ ಏರ್‌ಬ್ಯಾಗಿನ ವೈರೂ ಸ್ಟೀರಿಂಗಿನೊಳಗಿನ ಒಂದೇ ಸುರುಳಿಪಟ್ಟಿಯಲ್ಲಿ ಹಾಯುತ್ತವೆ. ನಾನು ಹೊಗಳಿದ ಅದೇ ಬಲ್ಬನ್ನು ಅಲ್ಲಿಯ ಹಳದಿ ಕನೆಕ್ಟರಿಗೆ ಮುಟ್ಟಿಸಿದರೆ ಆ ಕರೆಂಟಿಗೆ ಏರ್‌ಬ್ಯಾಗ್ ಮುಖಕ್ಕೇ ಸಿಡಿಯಬಹುದು. ಅಲ್ಲಿ ಬ್ಯಾಟರಿ ಕಳಚಿ, ಕಂಪನಿಯ ಪುಸ್ತಕ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈಹಾಕಬೇಕು.

ಸಾಮಾನಿಗೆ ರೊಕ್ಕ ಕೊಡುವ ನಾವು ಹುಡುಕಾಟಕ್ಕೆ ಕೊಡುವುದಿಲ್ಲ. ಅರ್ಥ್ ಬೋಲ್ಟು ತಿಕ್ಕಿ ಹಾರ್ನ್ ಕೂಗಿಸಿದವನಿಗೆ "ಏನೂ ಹಾಕಿಲ್ಲಲ್ರಿ, ಏನ ಕೊಡೂದು" ಎನ್ನುತ್ತೇವೆ. ಹೊಸ ಹಾರ್ನು ಕೂಡಿಸಿದವನಿಗೆ ಚೌಕಾಸಿ ಮಾಡಿಯಾದರೂ ಕೊಡುತ್ತೇವೆ. ದೋಷ ಹುಡುಕಿದ್ದಕ್ಕೆ ಇಷ್ಟು ಕೂಲಿ ಎಂದು ಅಂಗಡಿಯವರು ಫಲಕ ಬರೆದು ಹಾಕಲಿ, ನಾನು ಕೊಡುತ್ತೇನೆ.