‘ನರ’ ಶಬ್ದದ ಅರ್ಥವಿಚಾರ

ದಾದಿಯರ ಶಿಕ್ಷಣಕ್ಕೆ ಸೇರಬಯಸುವವರು ಮೊದಲು ಅರಿಯತಕ್ಕುದು ಶರೀರದ ರಚನೆಯನ್ನೂ ಕ್ರಿಯೆಯನ್ನೂ. ಅಲ್ಲಿ ‘ನರ’ ಶಬ್ದವೇ ಪ್ರಥಮ ವಿಘ್ನವು. ಆಡುಮಾತಿನಲ್ಲಿ ಕೈಯ ಮೇಲೆ ಉಬ್ಬಿ ತೋರುವ ರಕ್ತನಾಳವೂ ನರವೇ. ಪಾಠಗ್ರಂಥಗಳಲ್ಲಿ ಮೆದುಳಿನ ಸಂದೇಶವನ್ನೊಯ್ಯುವ ತಂತುವೂ ನರವೇ. ರಕ್ತ ತೆಗೆಯುವ ಸೂಜಿಯು ಸಿರೆಯನ್ನು ಸೇರಬೇಕು, ಆ ತಂತುವಿಗೆ ತಗುಲಬಾರದು. ಅನೇಕಾರ್ಥವು ಕಾವ್ಯದಲ್ಲಿ ಶ್ಲೇಷವಾದರೂ ಶಾಸ್ತ್ರದಲ್ಲಿ ದೋಷವು.

ಶುದ್ಧರಕ್ತವನ್ನೊಯ್ಯುವುದು ಧಮನಿಯೆಂಬ ಲಕ್ಷಣಕ್ಕೂ ಅವ್ಯಾಪ್ತಿದೋಷವುಂಟು: ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಧಮನಿಯಲ್ಲಿರುವುದು ಆಮ್ಲಜನಕ ಕಡಮೆಯಾದ ರಕ್ತವಷ್ಟೆ. ಹೃದಯದಿಂದ ರಕ್ತವನ್ನು ಹೊರಕ್ಕೊಯ್ಯುವುದು ಧಮನಿ, ಹೃದಯಕ್ಕೆ ಮರಳಿಸುವುದು ಸಿರೆ ಎಂಬುದೇ ನಿರ್ದುಷ್ಟವಾದ ಲಕ್ಷಣವು.

ಮನೆಮಾತನ್ನು ತೊರೆಯಬೇಕೆಂದು ನಾವು ಹೇಳುವುದಿಲ್ಲ. ರೋಗಿಯು ‘ನರ’ವೆನ್ನಲಿ, ಅವನು ಹೇಳಿದುದು ಯಾವುದನ್ನೆಂಬುದು ದಾದಿಗೆ ತಿಳಿದಿರಬೇಕು.