ಅಧ್ಯಕ್ಷರು ಹಾಕಿಕೊಳ್ಳದ ಬೂಟು

ಗಾಜಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಹೆಂಗಸೊಬ್ಬಳು ಕ್ಯಾಮೆರಾದ ಮುಂದೆ ತನ್ನ ಕೂಲಿಯ ಲೆಕ್ಕ ಹೇಳುತ್ತಾಳೆ. ಹಿಂದೆ ಜನರಲ್ ಮೋಟರ್ಸ್ ಕಂಪೆನಿಯಲ್ಲಿದ್ದಾಗ ಗಂಟೆಗೆ 29 ಡಾಲರ್ ಚಿಲ್ಲರೆ ಸಿಗುತ್ತಿತ್ತು. ಈಗ ಸಿಗುವುದು 12 ಡಾಲರ್ 84 ಸೆಂಟ್. ಆಗೆಲ್ಲ ಮಕ್ಕಳು ಹೊಸ ಬೂಟು ಬೇಕೆಂದರೆ ಅಂಗಡಿಗೆ ಹೋಗಿ ತಂದುಬಿಡುತ್ತಿದ್ದಳಂತೆ. ಈಗ ಅದು ಸಾಧ್ಯವಿಲ್ಲ. 'ಅಮೆರಿಕನ್ ಫ್ಯಾಕ್ಟರಿ' ಎಂಬ ಸಾಕ್ಷ್ಯಚಿತ್ರದಲ್ಲಿ ಈ ಮಾತು ಬಂದು ಹೋಗುವುದು ಕೆಲವೇ ಕ್ಷಣಗಳಲ್ಲಿ. ಆದರೆ ಇಡೀ ಚಿತ್ರ ನಡೆಯುವುದು ಈ ಎರಡು ಅಂಕಿಗಳ ನಡುವಿನ ಕಂದಕದಲ್ಲೇ.

ಜೂಲಿಯಾ ರೈಕರ್ಟ್ ಮತ್ತು ಸ್ಟೀವನ್ ಬೋಗ್ನಾರ್ ಸೇರಿ ನಿರ್ದೇಶಿಸಿದ ಈ ಚಿತ್ರ 2019ರಲ್ಲಿ ತೆರೆ ಕಂಡು, 2020ರಲ್ಲಿ ಆಸ್ಕರ್ ಪಡೆಯಿತು. ಓಹಿಯೋ ರಾಜ್ಯದ ಡೇಟನ್ ನಗರದ ಪಕ್ಕದಲ್ಲಿ ಮೊರೇನ್ ಎಂಬ ಊರಿದೆ. ಅಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ಬಾಗಿಲು ಮುಚ್ಚಿತು. ಆ ಕೊನೆಯ ದಿನಗಳನ್ನು ಇದೇ ನಿರ್ದೇಶಕರು 'ದಿ ಲಾಸ್ಟ್ ಟ್ರಕ್' ಎಂಬ ಕಿರುಚಿತ್ರದಲ್ಲಿ ಹಿಡಿದಿಟ್ಟಿದ್ದರು. ಕೆಲವು ವರ್ಷಗಳ ಮೇಲೆ ಚೀನಾದ ಸಿರಿವಂತ ಉದ್ಯಮಿ ತ್ಸಾವೊ ದೆವಾಂಗ್ ಅದೇ ಕಟ್ಟಡ ಕೊಂಡು, ವಾಹನಗಳಿಗೆ ಗಾಜು ತಯಾರಿಸುವ ಫುಯಾವೊ ಕಾರ್ಖಾನೆಯನ್ನು ಆರಂಭಿಸಿದರು. ಕೆಲಸ ಕಳೆದುಕೊಂಡು ಮನೆಯನ್ನೂ ಕಳೆದುಕೊಂಡಿದ್ದ ಜನ ಸಾಲಾಗಿ ಬಂದು ಸೇರಿಕೊಂಡರು. ಅವರಿಗೆ ಕೆಲಸ ಕಲಿಸಲು ಚೀನಾದಿಂದ ನೂರಾರು ಕೆಲಸಗಾರರು ಬಂದರು.

ಚಿತ್ರದ ದೊಡ್ಡ ಗುಣ, ಇದು ಚೀನೀಯರನ್ನು ಖಳರನ್ನಾಗಿ ಮಾಡದಿರುವುದು. ಕುಲುಮೆಯ ಬಳಿ ದುಡಿಯುವ ಚೀನಾದ ಎಂಜಿನಿಯರ್ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನು. ಅವನ ಒಂಟಿತನ ಅಮೆರಿಕದ ಕೆಲಸಗಾರನ ಬಡತನದಷ್ಟೇ ನಮ್ಮನ್ನು ತಟ್ಟುತ್ತದೆ. ಓಹಿಯೋದ ಮೇಲ್ವಿಚಾರಕರು ಚೀನಾದ ಮೂಲ ಕಾರ್ಖಾನೆಗೆ ಹೋದಾಗ ಅಲ್ಲಿನವರು ಸೈನಿಕರಂತೆ ಸಾಲುಗಟ್ಟಿ ಕೂಗಿ ಕೆಲಸ ಶುರುಮಾಡುವುದನ್ನು ನೋಡುತ್ತಾರೆ. ಅಲ್ಲಿ ಹನ್ನೆರಡು ಗಂಟೆಯ ಪಾಳಿ, ತಿಂಗಳಿಗೆ ಒಂದೆರಡು ರಜೆ. ಅಲ್ಲಿಯೂ ಕಾರ್ಮಿಕ ಸಂಘವೊಂದಿದೆ. ಅದರ ಅಧ್ಯಕ್ಷ ಮಾಲೀಕರ ಭಾವಮೈದುನ! ಕಮ್ಯುನಿಸ್ಟ್ ಎಂದು ಕರೆದುಕೊಳ್ಳುವ ನಾಡಿನಲ್ಲಿ ಸಂಘದ ಗತಿ ಇದು. ಕೊನೆಗೆ ಮಾಲೀಕರೂ ತಮ್ಮ ಬಾಲ್ಯದ ಹಳ್ಳಿಯನ್ನು ನೆನೆದು, ತಾನು ಮಾಡಿದ್ದು ಒಳಿತೋ ಪಾಪವೋ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ಚಿತ್ರದ ನಡುವಿನ ಘಟನೆ ಸಂಘ ಕಟ್ಟುವ ಯತ್ನ. ಕೂಲಿ ಕಡಿಮೆ, ಗಾಯಗಳು ಹೆಚ್ಚು. ಕೆಲವರು ಯುನೈಟೆಡ್ ಆಟೋ ವರ್ಕರ್ಸ್ ಸಂಘವನ್ನು ಕರೆಸುತ್ತಾರೆ. ಸಂಘ ಬಂದರೆ ಕಾರ್ಖಾನೆಯನ್ನೇ ಮುಚ್ಚುತ್ತೇನೆ ಎನ್ನುತ್ತಾರೆ ಮಾಲೀಕರು. ಸಂಘವನ್ನು ಸೋಲಿಸುವುದನ್ನೇ ಕಸುಬಾಗಿ ಮಾಡಿಕೊಂಡ ಸಲಹೆಗಾರರನ್ನು ಕಂಪೆನಿ ನೇಮಿಸುತ್ತದೆ. ಇದಕ್ಕಾಗಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು ಎಂದು ಚಿತ್ರ ಹೇಳುತ್ತದೆ. ಕೆಲಸದ ವೇಳೆಯಲ್ಲೇ ಕಾರ್ಮಿಕರನ್ನು ಕೋಣೆಗೆ ಕರೆದು ಕೂರಿಸಿ, ಸಂಘ ಬಂದರೆ ಏನೇನು ಕಳೆದುಕೊಳ್ಳುತ್ತೀರಿ ಎಂದು ಪಾಠ ಮಾಡಲಾಗುತ್ತದೆ. ಹೋಗದಿರುವ ಸ್ವಾತಂತ್ರ್ಯವಿಲ್ಲ. 2017ರ ನವೆಂಬರ್‌ನಲ್ಲಿ ಮತದಾನ ನಡೆಯಿತು. ಸಂಘದ ಪರ 444, ವಿರುದ್ಧ 868.

ಈ ಚಿತ್ರಕ್ಕೆ ಇನ್ನೊಂದು ವಿಶೇಷವಿದೆ. ಬರಾಕ್ ಮತ್ತು ಮಿಶೆಲ್ ಒಬಾಮ ಸ್ಥಾಪಿಸಿದ ಹೈಯರ್ ಗ್ರೌಂಡ್ ಸಂಸ್ಥೆ ನೆಟ್‌ಫ್ಲಿಕ್ಸ್ ಜತೆಗೂಡಿ ಹೊರತಂದ ಮೊದಲ ಚಿತ್ರವಿದು. ಅಧಿಕಾರ ಮುಗಿದ ಅಧ್ಯಕ್ಷರು ಪುಸ್ತಕ ಬರೆಯುತ್ತಾರೆ, ಭಾಷಣ ಮಾಡುತ್ತಾರೆ. ಕಾರ್ಮಿಕರ ಸೋಲಿನ ಕಥೆಗೆ ತಮ್ಮ ಹೆಸರು ಕೊಟ್ಟವರು ಅಪರೂಪ. ಇದನ್ನು ಮೆಚ್ಚಬೇಕು. ಆದರೆ ಮೆಚ್ಚಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಕಥೆಯಲ್ಲಿ ಈ ಅಧ್ಯಕ್ಷರ ಪಾತ್ರವೇನು? ಚಿತ್ರ ಅದನ್ನು ಕೇಳುವುದಿಲ್ಲ. ನಾವು ಕೇಳೋಣ.

2007ರಲ್ಲಿ ಅಭ್ಯರ್ಥಿಯಾಗಿದ್ದ ಒಬಾಮ ದಕ್ಷಿಣ ಕೆರೊಲಿನಾದ ಸಭೆಯೊಂದರಲ್ಲಿ ಒಂದು ಮಾತು ಕೊಟ್ಟಿದ್ದರು. ತಾನು ಅಧ್ಯಕ್ಷನಾಗಿರುವಾಗ ಕಾರ್ಮಿಕರ ಸಂಘಟನೆಯ ಹಕ್ಕಿಗೆ ಅಡ್ಡಿ ಬಂದರೆ, ಕಾಲಿಗೆ ಹಿತವಾದ ಒಂದು ಜೊತೆ ಬೂಟು ಹಾಕಿಕೊಂಡು ಮುಷ್ಕರ ಹೂಡಿದವರ ಸಾಲಿನಲ್ಲಿ ತಾನೂ ನಡೆಯುತ್ತೇನೆ ಎಂದು. ಕಾರ್ಮಿಕ ಸಂಘಗಳು ನಂಬಿದವು. ಹಣ ಕೊಟ್ಟವು, ಮನೆ ಮನೆಗೆ ಹೋಗಿ ಮತ ಕೇಳಿದವು.

ಸಂಘಗಳು ಪ್ರತಿಯಾಗಿ ಬಯಸಿದ್ದು ಮುಖ್ಯವಾಗಿ ಒಂದು ಕಾನೂನನ್ನು. ಅದರ ಹೆಸರು 'ಎಂಪ್ಲಾಯೀ ಫ್ರೀ ಚಾಯ್ಸ್ ಆ್ಯಕ್ಟ್'. ಅಮೆರಿಕದ ಪದ್ಧತಿಯಲ್ಲಿ ಕಾರ್ಮಿಕರು ಮೊದಲು ಕಾರ್ಡಿಗೆ ಸಹಿ ಹಾಕುತ್ತಾರೆ. ಬಹುಮತದ ಸಹಿ ಇದ್ದರೂ ಮಾಲೀಕ ಗುಪ್ತ ಮತದಾನ ಬೇಕೆಂದು ಪಟ್ಟು ಹಿಡಿಯಬಹುದು. ಸಹಿಗೂ ಮತದಾನಕ್ಕೂ ನಡುವೆ ಸಿಗುವ ವಾರಗಳಲ್ಲೇ ಸಲಹೆಗಾರರು ಬರುವುದು, ಕೋಣೆಯ ಪಾಠಗಳು ನಡೆಯುವುದು. ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕಿದರೆ ಸಂಘವನ್ನು ಮಾನ್ಯ ಮಾಡಬೇಕು, ಬೆದರಿಸಿದ ಮಾಲೀಕನಿಗೆ ಹೆಚ್ಚಿನ ದಂಡ ಬೀಳಬೇಕು ಎಂಬುದು ಆ ಮಸೂದೆಯ ಸಾರ. ಸೆನೆಟರ್ ಆಗಿದ್ದಾಗ ಒಬಾಮ ಅದರ ಬೆಂಬಲಿಗರಾಗಿದ್ದರು. 2009ರ ಮಾರ್ಚ್‌ನಲ್ಲಿ ಮಸೂದೆ ಮತ್ತೆ ಮಂಡನೆಯಾಯಿತು. ಅದೇ ವರ್ಷ ಅವರ ಪಕ್ಷದ ಬಣಕ್ಕೆ ಸೆನೆಟ್‌ನಲ್ಲಿ ಕೆಲ ತಿಂಗಳು 60 ಸ್ಥಾನಗಳ ಬಲವೂ ಇತ್ತು. ಆದರೆ ಸ್ವಪಕ್ಷದ ಕೆಲವರೇ ಹಿಂದೆ ಸರಿದರು. ಆರೋಗ್ಯ ವಿಮೆಯ ಕಾನೂನು ಮುಂದೆ ಬಂತು, ಇದು ಹಿಂದೆ ಬಿತ್ತು. ಮಸೂದೆ ಮತಕ್ಕೇ ಬರದೆ ಸತ್ತಿತು.

ನ್ಯಾಯವಾಗಿ ಹೇಳಬೇಕಾದ ಮಾತುಗಳೂ ಇವೆ. ಮೊರೇನ್ ಕಾರ್ಖಾನೆ ಮುಚ್ಚಿದಾಗ ಅಧ್ಯಕ್ಷರಾಗಿದ್ದವರು ಬುಷ್. ದಿವಾಳಿಯಾಗುತ್ತಿದ್ದ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಕಂಪೆನಿಗಳಿಗೆ ಬುಷ್ ಆರಂಭಿಸಿದ ನೆರವನ್ನು 2009ರಲ್ಲಿ ವಿಸ್ತರಿಸಿ, ಲಕ್ಷಾಂತರ ಉದ್ಯೋಗಗಳನ್ನು ಉಳಿಸಿದವರು ಒಬಾಮ. ಆದರೆ ಆ ನೆರವಿನ ಬೆಲೆಯನ್ನು ಕಾರ್ಮಿಕರೂ ತೆತ್ತರು. ಈ ಎರಡು ಕಂಪೆನಿಗಳಲ್ಲಿ 2015ರವರೆಗೆ ಮುಷ್ಕರ ಹೂಡುವುದಿಲ್ಲವೆಂದು ಸಂಘ ಒಪ್ಪಬೇಕಾಯಿತು. ಹೊಸದಾಗಿ ಸೇರುವವರಿಗೆ ಹಳಬರ ಅರ್ಧದಷ್ಟೇ ಕೂಲಿ ಎಂಬ, 2007ರಲ್ಲಿ ಬಂದಿದ್ದ ಎರಡು ದರ್ಜೆಯ ಪದ್ಧತಿ ಗಟ್ಟಿಯಾಯಿತು.

2011ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ಸ್ಕಾಟ್ ವಾಕರ್ ಸರಕಾರಿ ನೌಕರರ ಸಾಮೂಹಿಕ ಚೌಕಾಸಿಯ ಹಕ್ಕನ್ನೇ ಕಿತ್ತುಹಾಕುವ ಕಾನೂನು ತಂದರು. ಶಿಕ್ಷಕರು, ನೌಕರರು, ವಿದ್ಯಾರ್ಥಿಗಳು ಚಳಿಯಲ್ಲಿ ಮ್ಯಾಡಿಸನ್ನಿನ ಶಾಸನಭವನವನ್ನು ತುಂಬಿ ವಾರಗಟ್ಟಲೆ ಕೂತರು. ಇದು ಸಂಘಗಳ ಮೇಲಿನ ದಾಳಿ ಎಂದು ಒಬಾಮ ಹೇಳಿಕೆ ಕೊಟ್ಟರು. ಬೂಟು ಹಾಕಿಕೊಂಡು ಬರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು 2016ರ ಸಂಗತಿ. ಆ ವರ್ಷದ ಮಾರ್ಚ್‌ನಲ್ಲಿ ಒಬಾಮ ಸರಕಾರದ ಕಾರ್ಮಿಕ ಇಲಾಖೆ ಒಂದು ನಿಯಮ ಪ್ರಕಟಿಸಿತು. ಸಂಘವನ್ನು ತಡೆಯಲು ತೆರೆಮರೆಯಲ್ಲಿ ನಿಂತು ತಂತ್ರ ಹೇಳಿಕೊಡುವ ಸಲಹೆಗಾರರಿಗೆ ಎಷ್ಟು ಹಣ ಕೊಟ್ಟೆವೆಂದು ಕಂಪೆನಿಗಳು ಬಹಿರಂಗಪಡಿಸಬೇಕೆಂಬುದು ಅದರ ತಿರುಳು. ಜೂನ್‌ನಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಅದಕ್ಕೆ ದೇಶವ್ಯಾಪಿ ತಡೆ ಕೊಟ್ಟಿತು. 2018ರಲ್ಲಿ ಟ್ರಂಪ್ ಸರಕಾರ ಅದನ್ನು ರದ್ದುಮಾಡಿತು. ಅಂದರೆ, ಚಿತ್ರದಲ್ಲಿ ನಾವು ನೋಡುವ ಆ ಸಲಹೆಗಾರರ ಕಸುಬು ಒಬಾಮ ಸರಕಾರಕ್ಕೆ ಚೆನ್ನಾಗಿಯೇ ಗೊತ್ತಿತ್ತು. ಮದ್ದೂ ಗೊತ್ತಿತ್ತು. ಮೊದಲ ವರ್ಷ, ಸಂಸತ್ತಿನಲ್ಲಿ ಬಲವಿದ್ದಾಗ, ಕಾನೂನಾಗಿ ಬರಬೇಕಾದದ್ದು ಎಂಟನೆಯ ವರ್ಷ ಇಲಾಖೆಯ ನಿಯಮವಾಗಿ ಬಂತು. ಕಾನೂನನ್ನು ಅಳಿಸಲು ಸಂಸತ್ತೇ ಬೇಕು. ನಿಯಮವನ್ನು ಮುಂದಿನ ಸರಕಾರ ಒರೆಸಿಹಾಕಿತು.

ಇಲ್ಲಿಯೇ ನನಗೆ ಚಿತ್ರದ ಕೊರತೆ ಕಾಣುವುದು. ನಿರ್ದೇಶಕರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಹೈಯರ್ ಗ್ರೌಂಡ್ ಕೈಜೋಡಿಸುವ ಮೊದಲೇ ಅವರು ಇದನ್ನು ಮುಗಿಸಿದ್ದರು. ಆದರೆ ಅವರ ಕ್ಯಾಮೆರಾ ಕಾರ್ಖಾನೆಯ ಒಳಗೇ ಉಳಿಯುತ್ತದೆ. ಆದ್ದರಿಂದ ನೋಡುಗನಿಗೆ ಇದು ಎರಡು ಸಂಸ್ಕೃತಿಗಳ ಘರ್ಷಣೆಯ ಕಥೆಯಂತೆ ಕಾಣುತ್ತದೆ: ಶಿಸ್ತಿನ ಚೀನೀಯ, ಸಡಿಲ ಅಮೆರಿಕನ್. ಸಂಘಕ್ಕೆ ವಿರುದ್ಧವಾಗಿ ಬಿದ್ದ 868 ಮತಗಳು ಆ ಜನರ ಅಂಜಿಕೆಯ ಲೆಕ್ಕವಾಗಿ ಉಳಿಯುತ್ತವೆ. ಆ ಅಂಜಿಕೆಗೆ ಅವಕಾಶ ಮಾಡಿಕೊಟ್ಟ ಕಾನೂನು ವಾಷಿಂಗ್ಟನ್ನಿನಲ್ಲಿ ತಿದ್ದುಪಡಿಯಾಗದೆ ಕೂತಿದೆ ಎಂಬುದು ಎಲ್ಲೂ ಬರುವುದಿಲ್ಲ. ಉದ್ಘಾಟನೆಯ ದಿನ ಸೆನೆಟರ್ ಶೆರೊಡ್ ಬ್ರೌನ್ ವೇದಿಕೆಯಲ್ಲಿ ಸಂಘದ ಮಾತೆತ್ತಿದಾಗ ಕಂಪೆನಿಯ ಅಧಿಕಾರಿಗಳು ಸಿಡಿಮಿಡಿಗೊಳ್ಳುವ ದೃಶ್ಯವಿದೆ. ರಾಜಕೀಯ ಕಾರ್ಖಾನೆಯೊಳಗೆ ಕಾಲಿಟ್ಟ ಒಂದೇ ಗಳಿಗೆ ಅದು. ಅದೂ ಬೇಗ ಹೊರಗೆ ಹೋಗುತ್ತದೆ.

ಚಿತ್ರ ಬಿಡುಗಡೆಯಾದಾಗ ಒಬಾಮ ದಂಪತಿ ನಿರ್ದೇಶಕರೊಡನೆ ಕೂತು ನಡೆಸಿದ ಮಾತುಕತೆಯೂ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕಥೆಯ ಶಕ್ತಿಯ ಬಗ್ಗೆ, ಇನ್ನೊಬ್ಬರ ಬದುಕನ್ನು ಒಳಗಿನಿಂದ ಅರಿಯುವ ಬಗ್ಗೆ ಅಲ್ಲಿ ಒಬಾಮ ಚೆನ್ನಾಗಿ ಮಾತಾಡುತ್ತಾರೆ. ಉರ್ದುವಿನಲ್ಲಿ ಪ್ರೇಮಚಂದ್, ಕನ್ನಡದಲ್ಲಿ ನಿರಂಜನ ಇವರನ್ನು ಓದಿ ಬೆಳೆದ ನನಗೂ ಕಥೆಯ ಮೇಲೆ ಅದೇ ನಂಬಿಕೆ. ಇಪ್ಪತ್ತು ವರ್ಷಗಳಿಂದ ಕಥೆ ಬರೆಯುತ್ತಿರುವುದೂ ಅದಕ್ಕೇ. ಆದರೂ ಆ ಮಾತು ಕೇಳುತ್ತ ನನಗೆ ಕಸಿವಿಸಿಯಾಯಿತು. ನಾನು ಕಥೆ ಬರೆಯುವುದು ನನ್ನ ಕೈಯಲ್ಲಿ ಇನ್ನೇನೂ ಇಲ್ಲದ್ದರಿಂದ. ಅವರ ಕೈಯಲ್ಲಿ ಎಂಟು ವರ್ಷ ಬೇರೊಂದು ಲೇಖನಿ ಇತ್ತು. ನನ್ನ ಕಥೆ ಓದಿದವರ ಕಣ್ಣು ಒದ್ದೆಯಾಗಬಹುದು, ಯಾರ ಕೂಲಿಯೂ ಗಂಟೆಗೆ ಒಂದು ರೂಪಾಯಿ ಏರುವುದಿಲ್ಲ. ಅಧಿಕಾರದಲ್ಲಿದ್ದಾಗ ಆಗದ ಕೆಲಸಕ್ಕೆ ಕಥೆ ಪ್ರಾಯಶ್ಚಿತ್ತವಾಗಬಾರದು.

ಒಬಾಮರೊಬ್ಬರನ್ನೇ ಕಟಕಟೆಗೆ ನಿಲ್ಲಿಸುವುದೂ ಸರಿಯಲ್ಲ. 1980ರ ಚುನಾವಣೆಯಲ್ಲಿ ತನ್ನನ್ನು ಬೆಂಬಲಿಸಿದ್ದ ವಿಮಾನ ಸಂಚಾರ ನಿಯಂತ್ರಕರ ಸಂಘ ಮರುವರ್ಷ ಮುಷ್ಕರ ಹೂಡಿದಾಗ, ರೇಗನ್ 11 ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ಏಟಿಗೆ ವಜಾ ಮಾಡಿದರು. ಜೋ ಬೈಡನ್ 2022ರ ಡಿಸೆಂಬರ್‌ನಲ್ಲಿ ರೈಲ್ವೆ ಕಾರ್ಮಿಕರ ಮುಷ್ಕರ ತಡೆಯುವ ಕಾನೂನಿಗೆ ಸಹಿ ಹಾಕಿದರು. ಅದೇ ಬೈಡನ್ 2023ರ ಸೆಪ್ಟೆಂಬರ್ 26ರಂದು ಮಿಷಿಗನ್ನಿನಲ್ಲಿ ಮುಷ್ಕರನಿರತ ಮೋಟಾರು ಕಾರ್ಮಿಕರ ಸಾಲಿಗೆ ಹೋಗಿ ನಿಂತರು. ಅಧಿಕಾರದಲ್ಲಿರುವ ಅಧ್ಯಕ್ಷನೊಬ್ಬ ಹಾಗೆ ನಿಂತದ್ದು ಅದೇ ಮೊದಲು. ಒಬಾಮ ಕೊಟ್ಟ ಮಾತನ್ನು ಅವರ ಉಪಾಧ್ಯಕ್ಷರಾಗಿದ್ದವರು ಹದಿನಾರು ವರ್ಷಗಳ ನಂತರ ನಡೆಸಿಕೊಟ್ಟಂತಾಯಿತು. ಆದರೆ ಸಂಘಟನೆಯ ಹಕ್ಕನ್ನು ಬಲಪಡಿಸುವ ಹೊಸ ಮಸೂದೆ 2021ರಲ್ಲಿ ಕೆಳಮನೆ ದಾಟಿದರೂ ಬೈಡನ್ ಕಾಲದಲ್ಲೂ ಸೆನೆಟ್ ದಾಟಲಿಲ್ಲ. 2008ರಲ್ಲಿ ಅಮೆರಿಕದ ದುಡಿಯುವ ನೂರು ಜನರಲ್ಲಿ 12ಕ್ಕೂ ಹೆಚ್ಚು ಜನ ಸಂಘಗಳಲ್ಲಿದ್ದರು. ಒಬಾಮ ಅಧಿಕಾರದ ಕೊನೆಯ ವರ್ಷ ಅದು ಶೇಕಡಾ 10.7. 2024ರಲ್ಲಿ 9.9. ಒಬಾಮರನ್ನು ಎರಡು ಸಲ ಗೆಲ್ಲಿಸಿದ್ದ ಓಹಿಯೋ, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಈ ನಾಲ್ಕೂ ರಾಜ್ಯಗಳು 2016ರಲ್ಲಿ ಟ್ರಂಪ್ ಕಡೆಗೆ ವಾಲಿದವು. ಇದಕ್ಕೆ ಕಾರಣಗಳು ಹಲವು. ಆದರೆ ಮೊರೇನ್‌ನಂಥ ಊರುಗಳ ನಿರಾಸೆಯನ್ನು ಆ ಲೆಕ್ಕದಿಂದ ಹೊರಗಿಡಲಾಗದು.

ಈ ಚಿತ್ರವನ್ನು ಓದುಗರು ತಪ್ಪದೆ ನೋಡಬೇಕು. ಕೆಲಸ, ಘನತೆ, ಯಂತ್ರ ಇವುಗಳ ಬಗ್ಗೆ ಇಷ್ಟು ಮನುಷ್ಯತ್ವದಿಂದ ಮಾಡಿದ ಚಿತ್ರಗಳು ಕಡಿಮೆ. ನೋಡುವಾಗ ಆರಂಭದಲ್ಲಿ ಬರುವ ಹೈಯರ್ ಗ್ರೌಂಡ್ ಹೆಸರನ್ನು ಗಮನಿಸಿ. ಆಮೇಲೆ ಆ ಹೆಂಗಸು ಮಕ್ಕಳ ಬೂಟಿನ ಮಾತಾಡುವಾಗ ಆ ಹೆಸರನ್ನು ಒಮ್ಮೆ ನೆನಪಿಸಿಕೊಳ್ಳಿ.