ಗೊಬ್ಬರ ಕಾಣದ ನೆಲದ ಹೂಗಳು

ಮ್ಯೂನಿಕ್‌ನಲ್ಲಿ ಮಗನೋ ಮಗಳೋ ಕೆಲಸದಲ್ಲಿದ್ದು, ಬೇಸಿಗೆಗೆಂದು ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬರುವ ತಂದೆ-ತಾಯಂದಿರ ಸಂಕಟ ಒಂದೇ: ಆಲ್ಪ್ಸ್ ಹತ್ತಲು ಮಂಡಿ ಒಪ್ಪುವುದಿಲ್ಲ, ಫ್ಲ್ಯಾಟಿನಲ್ಲಿ ಕೂರಲು ಮನಸ್ಸು ಒಪ್ಪುವುದಿಲ್ಲ. ಅಂಥವರಿಗೆ ನಾನು ಹೇಳುವ ಜಾಗ ನೊಯ್‌ಬಿಬರ್ಗ್. ಮ್ಯೂನಿಕ್‌ನ ಆಗ್ನೇಯ ಅಂಚಿಗೆ ಅಂಟಿಕೊಂಡ ಊರು. ಚಿಪ್ ತಯಾರಿಸುವ ಇನ್ಫಿನಿಯಾನ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಇರುವುದರಿಂದ ಬೆಂಗಳೂರಿನ ಎಂಜಿನಿಯರುಗಳಿಗೆ ಹೆಸರು ಪರಿಚಿತ. ಆದರೆ ಕಚೇರಿಯಿಂದ ಸ್ವಲ್ಪವೇ ದೂರದಲ್ಲಿ, ಉಂಟರ್‌ಹಾಖಿಂಗ್ ಊರಿನವರೆಗೆ ಚಾಚಿಕೊಂಡಿರುವ ಹಾಖಿಂಗರ್ ಟಾಲ್ ಬಯಲು ಉದ್ಯಾನವನ್ನು ನೋಡಿದವರು ಕಡಿಮೆ.

ಏರಿಲ್ಲ, ಇಳಿತವಿಲ್ಲ. ಯಾಕೆಂದರೆ ಇದು ವಿಮಾನ ಇಳಿಯುತ್ತಿದ್ದ ನೆಲ. 1930ರ ದಶಕದಲ್ಲಿ ಜರ್ಮನ್ ವಾಯುಪಡೆ ಕಟ್ಟಿದ ನಿಲ್ದಾಣ ಯುದ್ಧದ ನಂತರ ಅಮೆರಿಕನ್ನರ ಕೈ ಸೇರಿತು, ಆಮೇಲೆ ಮತ್ತೆ ಜರ್ಮನ್ನರದಾಯಿತು. 1973ರಲ್ಲಿ ಅದರ ಪಕ್ಕದಲ್ಲೇ ಸೇನೆಯ ವಿಶ್ವವಿದ್ಯಾಲಯ ಬಂತು. 1990ರ ದಶಕದಲ್ಲಿ ಹಾರಾಟ ನಿಂತಿತು. ರನ್‌ವೇಯ ಉಳಿದ ತುಂಡಿನ ಮೇಲೆ ಈಗ ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ, ಸುತ್ತಲಿನ ಬಯಲಲ್ಲಿ ಹೂ ಬಿಡುತ್ತದೆ.

ಆ ಹೂಗಳಿಗೆ ಕಾರಣ ನೆಲದ ಬಡತನ. ಹಿಮಯುಗದಲ್ಲಿ ಆಲ್ಪ್ಸ್‌ನ ಹಿಮನದಿಗಳು ಕರಗಿ ಹರಿದ ನೀರು ಸುಣ್ಣಕಲ್ಲಿನ ಜಲ್ಲಿಯನ್ನು ತಂದು ಇಲ್ಲಿ ಹರವಿತು. ಮ್ಯೂನಿಕ್ ಕುಳಿತಿರುವುದೇ ಆ ಜಲ್ಲಿಯ ಮೇಲೆ. ಮಣ್ಣಿನ ಪದರ ತೆಳು, ಬಿದ್ದ ಮಳೆ ನಿಲ್ಲದೆ ಕೆಳಗಿಳಿಯುತ್ತದೆ. ಸುತ್ತಲಿನ ಬಯಲನ್ನೆಲ್ಲ ರೈತರು ಗೊಬ್ಬರ ಹಾಕಿ ಹೊಲ ಮಾಡಿಕೊಂಡರು, ಉಳಿದದ್ದನ್ನು ನಗರ ನುಂಗಿತು. ವಿಮಾನ ನಿಲ್ದಾಣದೊಳಗೆ ಮಾತ್ರ ದಶಕಗಟ್ಟಲೆ ನೇಗಿಲು ಇಳಿಯಲಿಲ್ಲ, ಗೊಬ್ಬರ ಬೀಳಲಿಲ್ಲ. ಗೊಬ್ಬರ ಬಿದ್ದರೆ ನಾಲ್ಕೈದು ಬಗೆಯ ಹುಲ್ಲು ಎದೆಯೆತ್ತರ ಬೆಳೆದು ಮಿಕ್ಕ ಗಿಡಗಳಿಗೆ ಬಿಸಿಲು ಸಿಗದಂತೆ ಮಾಡುತ್ತದೆ. ಬೀಳದಿದ್ದರೆ ಸಣ್ಣಪುಟ್ಟವೆಲ್ಲ ಬದುಕುತ್ತವೆ. ಹಾಗೆಂದು ಇಂಥ ನೆಲವನ್ನು ಅದರ ಪಾಡಿಗೆ ಬಿಟ್ಟುಬಿಟ್ಟರೂ ನಡೆಯದು, ಪೊದೆ ಬೆಳೆದು ಕಾಡಾಗುತ್ತದೆ. ವರ್ಷಕ್ಕೆ ಒಂದೆರಡು ಸಲ ಕೊಯ್ದು, ಕೊಯ್ದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಡದೆ ಸಾಗಿಸಬೇಕು, ಇಲ್ಲವೇ ಕುರಿ ಮೇಯಿಸಬೇಕು. ಬಡತನವನ್ನೂ ಕಾಪಾಡಿಕೊಳ್ಳಬೇಕಾಗುತ್ತದೆ!

ಮೇ ಕೊನೆಯಲ್ಲಿ ಇಲ್ಲಿ ಅವಸರಪಟ್ಟು ನಡೆಯುವವರನ್ನು ಕಂಡರೆ ನನಗೆ ಮರುಕ. ವೀಸೆನ್‌ಸಾಲ್ಬೈ ಎಂಬ ನೀಲಿ ನೇರಳೆ ಹೂವನ್ನು ದಾರಿಯಂಚಿನಲ್ಲೇ ಬಗ್ಗಿ ನೋಡಿ. ಕಾಂಡ ಮುಟ್ಟಿದರೆ ಚೌಕ. ನಮ್ಮ ತುಳಸಿ, ತುಂಬೆಗಳ ಕುಟುಂಬವೇ. ಒಣಹುಲ್ಲಿನ ಕಡ್ಡಿಯೊಂದನ್ನು ಹೂವಿನ ಗಂಟಲಿಗೆ ಮೆಲ್ಲನೆ ತಳ್ಳಿ. ಮೇಲಿನ ಟೋಪಿಯಂಥ ಎಸಳಿನೊಳಗೆ ಅಡಗಿದ್ದ ಎರಡು ಕೇಸರಗಳು ಏತದ ಮರದಂತೆ ಬಾಗಿ ಬಂದು ಕಡ್ಡಿಗೆ ಪರಾಗ ಬಳಿಯುತ್ತವೆ. ಕಡ್ಡಿ ಹಿಂದೆಗೆದರೆ ಮತ್ತೆ ಮೇಲೆ. ಮಕರಂದಕ್ಕೆ ತಲೆ ತೂರಿಸುವ ದುಂಬಿಯ ಬೆನ್ನಿಗೂ ಇದೇ ಗತಿ. ತುಸು ಹಳೆಯ ಹೂವಿನಲ್ಲಿ ಕೇಸರದ ಬದಲು ಶಲಾಕೆಯ ಸೀಳುತುದಿ ಕೆಳಗೆ ಜೋತು, ದುಂಬಿಯ ಬೆನ್ನು ತಾಗುವ ಎತ್ತರದಲ್ಲೇ ಕಾದಿರುತ್ತದೆ.

ಮ್ಯೂನಿಕ್ ಸುತ್ತಿನ ಇಂಥ ಹುಲ್ಲುಗಾವಲುಗಳಲ್ಲಿ ಹಳದಿ ಹೂವಿನ ಕ್ಲಾಪರ್‌ಟೊಪ್ಫ್ ಎಂಬ ಇನ್ನೊಂದು ಗಿಡವಿದೆ. ನೋಡಲು ಪಾಪದ್ದು, ಬೇರಿನಲ್ಲಿ ಕಳ್ಳ. ಪಕ್ಕದ ಹುಲ್ಲಿನ ಬೇರಿಗೆ ಕೊಂಡಿ ಹಾಕಿ ನೀರು, ಲವಣ ಹೀರುತ್ತದೆ. ಹುಲ್ಲು ಸೊರಗಿದ ಕಡೆ ಬೇರೆ ಹೂಗಿಡಗಳಿಗೆ ಜಾಗವಾಗುತ್ತದೆ. ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ.

ಈ ಸಸ್ಯಲೋಕದ ರುಚಿ ಹತ್ತಿದವರು ನಗರದ ಉತ್ತರಕ್ಕಿರುವ ಗಾರ್ಖಿಂಗರ್ ಹೈಡೆಗೆ ಹೋಗದೆ ಇರಲಾರರು. ಊರ ಬಯಲೆಲ್ಲ ಹೊಲವಾಗುತ್ತಿದ್ದ ಕಾಲದಲ್ಲಿ, 1908ರಲ್ಲಿ, ಬವೇರಿಯಾದ ಸಸ್ಯಶಾಸ್ತ್ರ ಸಂಘದವರು ದುಡ್ಡು ಕೊಟ್ಟು ಕೊಂಡು ಉಳಿಸಿದ ಜಾಗ ಅದು. ಏಪ್ರಿಲ್‌ನಲ್ಲಿ ಅಲ್ಲಿ ಪೂರ್ವದ ಸ್ಟೆಪ್ ಬಯಲುಗಳ ಹಳದಿ ಅಡೋನಿಸ್ ಅರಳಿರುತ್ತದೆ, ಆಲ್ಪ್ಸ್‌ನ ಗಾಢ ನೀಲಿ ಎನ್ಸಿಯಾನ್ ಕೂಡ. ಅಪರೂಪದಲ್ಲಿ ಅದೇ ಮೇಲು. ಆದರೆ ವಾರವಾರದ ನಡಿಗೆಗೆ ನೊಯ್‌ಬಿಬರ್ಗೇ ಹಿತ.

ನಮ್ಮಲ್ಲಿ ಇಂಥ ನೆಲ ಕಂದಾಯ ಇಲಾಖೆಯ ಕಡತದಲ್ಲಿ ಬರಡು, ಬೀಳು ಎಂದು ದಾಖಲಾಗಿ ಯಾವುದಾದರೊಂದು ಯೋಜನೆಗೆ ಹೋಗುತ್ತದೆ. ಫಿಲಂ ಸಿಟಿ ಆಗಬೇಕಿದ್ದ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ. ಐದು ಸಾವಿರಕ್ಕೂ ಹೆಚ್ಚು ಎಕರೆ. ಮರವಿಲ್ಲದಿದ್ದರೆ ಕಾಡಲ್ಲ, ಕಾಡಲ್ಲದಿದ್ದರೆ ಖಾಲಿ ಸೈಟು ಎಂಬ ಲೆಕ್ಕ ಬಿಡಲು ನಮಗೆ ಇಷ್ಟು ಕಾಲ ಹಿಡಿಯಿತು. ಹುಲ್ಲುಗಾವಲಲ್ಲಿ ಸಸಿ ನೆಟ್ಟು ವನಮಹೋತ್ಸವ ಮಾಡುವವರು ಇನ್ನೂ ಇದ್ದಾರೆ, ಅದು ಬೇರೆ ಮಾತು.

ಹೋಗುವವರಿಗೆ ಒಂದೆರಡು ಮಾತು. ಫಾಸಾನನ್‌ಪಾರ್ಕ್ ಎಸ್-ಬಾನ್ ರೈಲು ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ನೆರಳು ಕಡಿಮೆ, ಟೋಪಿ ಮತ್ತು ನೀರು ಇರಲಿ. ಉಣ್ಣೆ ಹುಳುವಿನ ಕಾಟ ಬವೇರಿಯಾದಲ್ಲಿ ತಮಾಷೆಯಲ್ಲ, ಮೆದುಳಿಗೆ ತಾಗುವ ಜ್ವರ ತರಬಲ್ಲದು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮೈ ನೋಡಿಕೊಳ್ಳಿ. ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳಿರುವುದರಿಂದ ಫೋಟೊ ಆಸೆಗೆ ದಾರಿ ಬಿಟ್ಟು ಹುಲ್ಲಿಗಿಳಿಯಬೇಡಿ, ದೇವರ ಪಟಕ್ಕೆಂದು ಹೂವನ್ನೂ ಕೀಳಬೇಡಿ. ಹೋಗುವುದಿದ್ದರೆ ಹುಲ್ಲು ಕೊಯ್ಯುವ ಮೊದಲು, ಮೇ ಕೊನೆ ಅಥವಾ ಜೂನ್ ಆರಂಭದಲ್ಲೇ ಹೋಗಿ.